ಮನೆ ನೋಡದೆ ಡಿಪಾಸಿಟ್ ಕಳಿಸ್ತೀನಿ ಅನ್ನುತ್ತಾರೆ, ನಂಬಬಹುದಾ? (ಡೊಂಬಿವಲಿ ಫ್ಲ್ಯಾಟ್)

ಮುಲುಂಡ್ ಸಂಪಿಗೆ:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ವನ್ ಬಿಎಚ್‌ಕೆ ಇದೆ. ನಾವಿರುವುದು ಮುಲುಂಡಿನಲ್ಲಿ. ಬಾಡಿಗೆ ವ್ಯವಹಾರವನ್ನೆಲ್ಲ ನಮ್ಮ ಯಜಮಾನರೇ ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಲೋಕಲ್ ಹತ್ತಿ ಇಳಿಯುವ ಹಾಗಿಲ್ಲ. ಬೀಗದ ಕೈ ನನ್ನ ಪರ್ಸಿಗೆ ಬಂತು. ಹಳೇ ಬಾಡಿಗೆಯವರು ಉಡುಪಿ ಕಡೆಯವರು, ಅಂಬರನಾಥದಲ್ಲಿ ಸ್ವಂತ ಮನೆ ತಗೊಂಡು ಹೋದರು. ಮಗಳು ಒಂದು ಆ್ಯಪ್‌ನಲ್ಲಿ ಜಾಹೀರಾತು ಹಾಕಿದಳು. ಬಾಡಿಗೆ 16,000, ಡಿಪಾಸಿಟ್ 50,000.

ಹಾಕಿ ಸ್ವಲ್ಪ ಹೊತ್ತಿಗೇ ಒಂದು ಫೋನ್ ಬಂತು. ಹಿಂದಿ ಮಾತು, ಬಹಳ ಮರ್ಯಾದೆ, ಬಾಯಿ ಬಿಟ್ಟರೆ "ಮಾತಾಜಿ". ಸಿಐಎಸ್‌ಎಫ್‌ನಲ್ಲಿ, ಅಂದರೆ ಏರ್‌ಪೋರ್ಟ್ ಕಾಯುವ ಕೇಂದ್ರ ಭದ್ರತಾ ಪಡೆಯಲ್ಲಿದ್ದಾರಂತೆ, ಮುಂಬೈ ಏರ್‌ಪೋರ್ಟಿಗೆ ವರ್ಗ ಆಗಿದೆಯಂತೆ. ಮನೆ ನೋಡುವುದು ಬೇಡ, ಫೋಟೋ ಸಾಕು ಅಂದರು. ಒಂದು ರೂಪಾಯಿ ಚೌಕಾಸಿ ಇಲ್ಲ. ವಾಟ್ಸಾಪ್‌ನಲ್ಲಿ ಆಧಾರ್, ಪ್ಯಾನ್, ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮಿನ ಫೋಟೋ ಎಲ್ಲ ಬಂತು. ಡಿಪಾಸಿಟ್ ಇವತ್ತೇ ಆಫೀಸಿನಿಂದ ಬರುತ್ತದೆ, ಅಕೌಂಟ್ಸ್‌ನವರು ಕಳಿಸುವ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರು. "ಮೊದಲು ನೀವು ಒಂದು ರೂಪಾಯಿ ಕಳಿಸಿ, ಎರಡು ವಾಪಸ್ ಬರುತ್ತದೆ, ಫೌಜಿನ ಪದ್ಧತಿ ಹಾಗೆ." ಅಲ್ಲಿಗೆ ನಾನು ಗ್ಯಾಸ್ ಮೇಲೆ ಹಾಲಿದೆ ಅಂತ ಫೋನ್ ಇಟ್ಟೆ.

ಇನ್ನೊಂದು ಜೋಡಿ ಬ್ರೋಕರ್ ಮೂಲಕ ಬಂದು ನೋಡಿ ಹೋಗಿದೆ. ಹುಡುಗಿ ಹುಬ್ಬಳ್ಳಿಯವಳು, ಹುಡುಗ ಸೋಲಾಪುರದವನು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬಚ್ಚಲಿನ ಗೋಡೆ ಯಾಕೆ ಒದ್ದೆ, ಎಲ್ಲ ಕೇಳಿದರು. ಆದರೆ 14,500ಕ್ಕೆ ಕೊಡಿ, ಡಿಪಾಸಿಟ್ ಎರಡು ಕಂತು ಮಾಡಿ ಅಂತಾರೆ. ಸೊಸೈಟಿ ಸೆಕ್ರೆಟರಿಗೆ ಇವರು ಯಾಕೋ ಹಿಡಿಸಿಲ್ಲ. ಯಜಮಾನರು ಫೌಜಿಯೇ ಒಳ್ಳೇದು, ಸರ್ಕಾರಿ ಸಂಬಳ ಅಂತಾರೆ. ನನಗೆ ಆ ಒಂದು ರೂಪಾಯಿ ಸರಿ ಕಾಣುತ್ತಿಲ್ಲ. ಬಾಡಿಗೆಗೆ ಬರುವವರನ್ನು ಹೇಗೆ ಪರೀಕ್ಷೆ ಮಾಡುತ್ತೀರಿ?

ಠಾಣೆ ಮಾಜಿ ಸೆಕ್ರೆಟರಿ:

ಅಕ್ಕಾ, ಆ ಹಾಲಿಗೊಂದು ನಮಸ್ಕಾರ ಹಾಕಿ. ಇದು ಶುದ್ಧ ಮೋಸ.

ಈ "ಫೌಜಿ" ಫೋನ್ ನಮ್ಮ ಬಿಲ್ಡಿಂಗಿನಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಾಕಿದ ಸುಮಾರು ಜನಕ್ಕೆ ಬಂದಿದೆ. ಕಾರ್ಡುಗಳು ಯಾರೋ ನಿಜವಾದ ಜವಾನನವೇ ಇರಬಹುದು. ಆ ಪಾಪದವನು ಯಾವುದಕ್ಕೋ ಕಳಿಸಿದ್ದು ಇವರ ಕೈಗೆ ಸಿಕ್ಕಿರುತ್ತದೆ. ಹಾಗಾಗಿ ಕಾರ್ಡ್ ಅಸಲಿಯೋ ನಕಲಿಯೋ ಅಂತ ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ. ಕಾರ್ಡಿನಲ್ಲಿರುವವನೇ ಫೋನಿನಲ್ಲಿ ಮಾತಾಡುತ್ತಿದ್ದಾನಾ ಅನ್ನುವುದು ಪ್ರಶ್ನೆ.

ದುಡ್ಡು ನಮ್ಮ ಖಾತೆಗೆ ಬರಲು ಯುಪಿಐ ಪಿನ್ ಬೇಕಾಗಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುವುದು ನಮ್ಮದೇ. ಒಂದಕ್ಕೆ ಎರಡು ರೂಪಾಯಿ ನಿಜವಾಗಿಯೂ ಬರುತ್ತದೆ, ಅದು ಗಾಳಕ್ಕೆ ಸಿಕ್ಕಿಸಿದ ಹುಳ. ಆಮೇಲೆ 50,000 ಕಳಿಸಿ ಅಂತಾರೆ. ಅದು ವಾಪಸ್ ಬರುವುದಿಲ್ಲ. ಕೇಳಿದರೆ ಸರ್ವರಿನಲ್ಲಿ ಸಿಕ್ಕಿಕೊಂಡಿದೆ, ಇನ್ನೊಂದು ಸಲ ಕಳಿಸಿದರೆ ಎರಡೂ ಒಟ್ಟಿಗೆ ಬರುತ್ತದೆ ಅಂತಾರೆ. ಯಜಮಾನರಿಗೆ ಹೇಳಿ, ಇಂಥ ನೌಕರಿಯಲ್ಲಿ ಮನೆ ಬಾಡಿಗೆ ಭತ್ಯೆ ಸಂಬಳದ ಜೊತೆಗೇ ಬರುತ್ತದೆ. ಮನೆಯೊಡತಿಯಿಂದ ಮೊದಲು ದುಡ್ಡು ಹಾಕಿಸಿಕೊಳ್ಳುವ ಪದ್ಧತಿ ಯಾವ ಪಡೆಯಲ್ಲೂ ಇಲ್ಲ.

ನಿಮ್ಮ ದುಡ್ಡು ಹೋಗಿಲ್ಲವಲ್ಲ, ಆ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ "ಚಕ್ಷು" ವಿಭಾಗದಲ್ಲಿ ದೂರು ಹಾಕಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ಹಣ ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ.

ಆದರೆ ಫೌಜಿ ಸಣ್ಣ ಕಳ್ಳ. ಅವನು ನಿಮ್ಮ ಮನೆಯೊಳಗೆ ಬರುವುದಿಲ್ಲ. ನನಗೆ ಭಯ ಇರುವುದು ಮನೆಗೇ ಬಂದು ವಾಸಮಾಡುವ ಕಳ್ಳನದು. ಮುಂಬೈಯಲ್ಲಿ "ಹೆವಿ ಡಿಪಾಸಿಟ್" ಅಂತ ಒಂದು ಪದ್ಧತಿ ಇದೆ, ಗೊತ್ತಲ್ವಾ? ತಿಂಗಳ ಬಾಡಿಗೆ ಇಲ್ಲ, ಇಲ್ಲವೇ ಹೆಸರಿಗಷ್ಟೇ. ಬದಲಿಗೆ ಒಟ್ಟಿಗೆ ಕೆಲವು ಲಕ್ಷ ಕೊಟ್ಟು ಇರುವುದು, ಬಿಡುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ಇದರಲ್ಲಿ ತಪ್ಪೇನಿಲ್ಲ. ಮೋಸಗಾರ ಮಾಡುವುದೇನೆಂದರೆ, ನಿಮ್ಮಿಂದ 16,000ಕ್ಕೆ ಫ್ಲ್ಯಾಟ್ ತಗೊಳ್ಳುತ್ತಾನೆ. ತಾನೇ ಮಾಲೀಕ ಅಂತಲೋ ಮಾಲೀಕರ ಕಡೆಯವನು ಅಂತಲೋ ಹೇಳಿ ಅದನ್ನೇ ಇನ್ನೊಂದು ಕುಟುಂಬಕ್ಕೆ ಹೆವಿ ಡಿಪಾಸಿಟ್ ಮೇಲೆ ಕೊಡುತ್ತಾನೆ. ಕೆಲವೊಮ್ಮೆ ಒಂದೇ ಫ್ಲ್ಯಾಟ್ ತೋರಿಸಿ ಮೂರು ನಾಲ್ಕು ಜನರಿಂದ ಎತ್ತುತ್ತಾನೆ. ನಿಮಗೆ ಕೆಲವು ತಿಂಗಳು ಸರಿಯಾಗಿ ಬಾಡಿಗೆ ಬರುತ್ತದೆ, ಆ ಲಕ್ಷಗಳಿಂದಲೇ. ಒಂದು ದಿನ ಬಾಡಿಗೆ ನಿಲ್ಲುತ್ತದೆ. ಹೋಗಿ ಬಾಗಿಲು ತಟ್ಟಿದರೆ ಪರಿಚಯವೇ ಇಲ್ಲದ ಹೆಂಗಸು, "ನೀವ್ಯಾರು?" ಅಂತ ಕೇಳುತ್ತಾಳೆ. ಅವಳ ಜೀವಮಾನದ ಉಳಿತಾಯ ಹೋಗಿದೆ, ಅವಳು ಯಾಕೆ ಖಾಲಿ ಮಾಡುತ್ತಾಳೆ? ನಾನು ಸೆಕ್ರೆಟರಿಯಾಗಿದ್ದಾಗ ಇಂಥ ಪಂಚಾಯಿತಿಗೆ ಕೂತಿದ್ದೇನೆ. ಎರಡೂ ಕಡೆಯವರು ಅಳುತ್ತಿದ್ದರು. ಯಾರನ್ನು ಸಮಾಧಾನ ಮಾಡುವುದು?

ಇದಕ್ಕೆ ನಾನು ಕಂಡ ಔಷಧಿ ಇಷ್ಟೇ. ಅಗ್ರಿಮೆಂಟಿನ ಪ್ರತಿ, ಬಾಡಿಗೆಯವರ ಫೋಟೋ ಸಮೇತ, ಸೊಸೈಟಿ ಆಫೀಸಿಗೆ ಕೊಡಿ. ಆ ಮುಖಗಳು ವಾಚ್‌ಮನ್‌ಗೆ ಗೊತ್ತಿರಲಿ. ಮೊದಲ ತಿಂಗಳಲ್ಲೇ ಯಾವುದಾದರೂ ನೆಪ ಮಾಡಿ ಹೋಗಿ ಬನ್ನಿ, ನಿಮ್ಮ ಬಚ್ಚಲಿನ ಗೋಡೆ ಇದೆಯಲ್ಲ. ಮತ್ತೆ ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ನಾನ್ ಆಕ್ಯುಪೆನ್ಸಿ ಚಾರ್ಜ್ ಕೇಳುತ್ತದೆ. ಅದು ಸರ್ವಿಸ್ ಚಾರ್ಜಿನ ಶೇ. 10 ಮೀರುವ ಹಾಗಿಲ್ಲ, 2001ರ ಸರ್ಕಾರಿ ಆದೇಶ. ನಾನೇ ಕಮಿಟಿಯಲ್ಲಿದ್ದವನು, ಜಾಸ್ತಿ ಕೇಳುವವರನ್ನು ಕಂಡಿದ್ದೇನೆ.

ವಕೀಲೆ ಬೊರಿವಲಿ:

ಮೇಡಂ, ಸೆಕ್ರೆಟರಿ ಸರ್ ಹೇಳಿದ್ದರ ಮೇಲೆ ಕಾನೂನಿನ ಮಾತು ಒಂದಿಷ್ಟು.

ಬೆಂಗಳೂರಿನ ನೆಂಟರು "11 ತಿಂಗಳಿಗೆ ಸ್ಟಾಂಪ್ ಪೇಪರ್ ಸಾಕು, ನೋಂದಣಿ ಯಾಕೆ?" ಅಂತಾರೆ. ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಸೆಕ್ಷನ್ 55ರ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಮಾಡುವ ಅಗ್ರಿಮೆಂಟ್) ಎಷ್ಟೇ ತಿಂಗಳದ್ದಾಗಿರಲಿ ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಕೆಟ್ಟದ್ದು, ಜಗಳ ಬಂದಾಗ ಷರತ್ತುಗಳ ಬಗ್ಗೆ ಬಾಡಿಗೆಯವರು ಹೇಳಿದ್ದೇ ನಿಜ ಅಂತ ಹಿಡಿಯುತ್ತಾರೆ. ಅಲ್ಲ ಅಂತ ಸಾಬೀತು ಮಾಡುವ ಕೆಲಸ ನಿಮ್ಮದಾಗುತ್ತದೆ. ನೋಟರಿ ಮಾಡಿಸಿದ್ದೇನೆ ಅಂದರೆ ಲೆಕ್ಕಕ್ಕಿಲ್ಲ.

ಖರ್ಚು ದೊಡ್ಡದಲ್ಲ. ಒಟ್ಟು ಬಾಡಿಗೆ ಮತ್ತು ಡಿಪಾಸಿಟ್ ಮೇಲೆ ಶೇ. 10ರಂತೆ ಬಡ್ಡಿ, ಇದರ ಮೊತ್ತಕ್ಕೆ ಶೇ. 0.25 ಸ್ಟಾಂಪ್ ಡ್ಯೂಟಿ. ನಿಮ್ಮ ಲೆಕ್ಕಕ್ಕೆ ಐನೂರರ ಆಸುಪಾಸು ಆಗುತ್ತದೆ. ನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಮನೆಗೇ ಬಂದು ಮಾಡಿಕೊಡುವವರು ತಮ್ಮ ಚಾರ್ಜ್ ಬೇರೆ ತಗೊಳ್ಳುತ್ತಾರೆ.

ನನ್ನ ಕಕ್ಷಿದಾರರಿಗೆ ನಾನು ಒತ್ತಿ ಹೇಳುವುದು ಆನ್‌ಲೈನ್ ನೋಂದಣಿಯಲ್ಲಿ ಬೆರಳಚ್ಚು ಕೊಡುವ ಹಂತದ ಬಗ್ಗೆ. ಅಲ್ಲಿ ಬೆರಳು ಆಧಾರ್ ಜೊತೆ ತಾಳೆಯಾಗಬೇಕು. ಬೇರೆಯವರ ಆಧಾರ್ ಹಿಡಿದುಕೊಂಡು ಬಂದವನು ಅಲ್ಲೇ ನಿಲ್ಲುತ್ತಾನೆ. ಅದಕ್ಕೇ ಬೀಗದ ಕೈ ಯಾವತ್ತೂ ಬೆರಳಚ್ಚು ಆದ ಮೇಲೆ. "ಸಾಮಾನು ಟೆಂಪೋದಲ್ಲಿದೆ, ಅಗ್ರಿಮೆಂಟ್ ಆಮೇಲೆ ಮಾಡೋಣ" ಅಂದರೆ ಟೆಂಪೋ ಕೆಳಗೇ ನಿಂತಿರಲಿ, ಪಾಪ ಅನ್ನಬೇಡಿ.

ಕರಾರಿನಲ್ಲಿ ಬೇರೆಯವರಿಗೆ ಒಳಬಾಡಿಗೆ ಕೊಡುವಂತಿಲ್ಲ ಅಂತ ಬರೆಸಿ. ವಾಸ ಮಾಡುವ ಎಲ್ಲರ ಹೆಸರೂ ಇರಲಿ. ಅವಧಿ ಮುಗಿದ ಮೇಲೂ ಬಿಡದಿದ್ದರೆ ಸೆಕ್ಷನ್ 24ರಲ್ಲಿ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು, ಅಲ್ಲಿಯವರೆಗೆ ಬಾಡಿಗೆಯ ಎರಡರಷ್ಟು ಕೇಳಬಹುದು. ಪೊಲೀಸರಿಗೂ ಬಾಡಿಗೆಯವರ ಮಾಹಿತಿ ಕೊಡಿ. ನೀವು ಮುಲುಂಡಿನಲ್ಲಿದ್ದರೂ ಡೊಂಬಿವಲಿ ಬರುವುದು ಠಾಣೆ ನಗರ ಪೊಲೀಸರ ಕೆಳಗೆ, ಮುಂಬೈ ಪೊಲೀಸರ ಫಾರ್ಮ್ ತುಂಬಬೇಡಿ.

ವಾಕಡ್ ಬಸಣ್ಣ:

ಅಕ್ಕಾರ, ನಮ್ಮ ಪುಣೆ ಕಡೆ ಇನ್ನೊಂದು ನಮೂನೆ ಐತ್ರಿ. ಹಿಂಜವಡಿ ಐಟಿ ಹುಡುಗರು ಅಂತ ಬರುತ್ತಾರೆ, ಕಂಪನಿಯ ಐಡಿ ತೋರಿಸುತ್ತಾರೆ. ಐಡಿ ಪ್ರಿಂಟ್ ಮಾಡಿಸುವುದು ಏನು ದೊಡ್ಡದು? ನಾನು ಕಂಪನಿ ಈಮೇಲಿನಿಂದ ಒಂದು ಸಾಲು ಬರೀರಿ ಅಂತೀನಿ. ನೌಕರಿ ಇದ್ದವನು ಅಲ್ಲೇ ಮೊಬೈಲಿನಲ್ಲಿ ಬರೆದು ಕಳಿಸುತ್ತಾನೆ. ಇಲ್ಲದವನಿಗೆ ಅವತ್ತೇ ಪಾಸ್‌ವರ್ಡ್ ಮರೆತಿರುತ್ತದೆ.

ಹಿಂದಿನ ಮನೆಯ ನೋಂದಣಿ ಅಗ್ರಿಮೆಂಟ್ ಕೇಳ್ರಿ. ಅದರಲ್ಲಿ ಹಳೇ ಮಾಲೀಕರ ಹೆಸರು ಇರುತ್ತದೆ. ಅವರಿಗೆ ಫೋನ್ ಮಾಡಿದಾಗ "ಇವರು 12,000 ಕೊಡ್ತಿದ್ರಂತ ಹೌದೇನ್ರಿ?" ಅಂತ ಕೇಳಬೇಡ್ರಿ. "ಎಷ್ಟು ಕೊಡ್ತಿದ್ರು, ಯಾವ ತಿಂಗಳು ಬಂದ್ರು?" ಅಂತ ಅವರ ಬಾಯಿಂದಲೇ ಬರಲಿ. ಗೆಳೆಯನನ್ನೇ ಮಾಲೀಕ ಅಂತ ಕೂಡಿಸಿದ್ದರೆ ಅಲ್ಲಿ ತಡವರಿಸುತ್ತಾನೆ.

ಆ ಜೋಡಿ ನನಗೆ ಚಲೋ ಕಾಣುತ್ತದೆ. ಚೌಕಾಸಿ ಮಾಡುವವನು ಬಾಡಿಗೆ ಕೊಡುವ ವಿಚಾರ ಇದ್ದವನು. ಕೊಡಬಾರದು ಅಂತ ಬಂದವನಿಗೆ 16 ಆದರೇನು, 20 ಆದರೇನು? ಸೆಕ್ರೆಟರಿಗೆ ಯಾಕೆ ಹಿಡಿಸಿಲ್ಲ? ಜಾತಿಯೋ, ಊಟವೋ? ಅದನ್ನು ನೋಡಿ ಮನೆ ಕೊಟ್ಟು ಕೈ ಸುಟ್ಟುಕೊಂಡವರು ನಮ್ಮ ಗಲ್ಲಿಯಲ್ಲೇ ಇದ್ದಾರೆ.

ಮುಲುಂಡ್ ಸಂಪಿಗೆ:

ಬಸಣ್ಣೋರೇ, ಊಟವೇ! ಹುಡುಗ ಮೀನು ತಿನ್ನುತ್ತಾನಂತೆ. ನಾನು ಕುಂದಾಪುರದವಳು ಅಂತ ಆ ಸೆಕ್ರೆಟರಿಗೆ ಇನ್ನೂ ಗೊತ್ತಿಲ್ಲ.

ಫೌಜಿ ಮತ್ತೆ ಫೋನ್ ಮಾಡಿದ್ದ. ಆಯ್ತಪ್ಪ, ಡೊಂಬಿವಲಿಗೆ ಬಾ, ಬೆರಳಚ್ಚು ಕೊಡು, ಬೀಗದ ಕೈ ತಗೋ ಅಂದೆ. "ಮಾತಾಜಿ" ಹೋಗಿ ಏನೇನೋ ಬೈಗುಳ ಬಂತು. ಯಜಮಾನರು ಸ್ಪೀಕರಿನಲ್ಲಿ ಕೇಳಿಸಿಕೊಂಡರು, ಈಗ ಸರ್ಕಾರಿ ಸಂಬಳದ ಮಾತೇ ಇಲ್ಲ. ಚಕ್ಷುವಿನಲ್ಲಿ ಮಗಳು ದೂರು ಹಾಕಿದಳು.

ಆ ಜೋಡಿಯ ಹಳೇ ಮಾಲೀಕರು ಕಲ್ಯಾಣದಲ್ಲಿದ್ದಾರೆ. ನಾನು ಕೇಳುವ ಮೊದಲೇ ಬಾಡಿಗೆ, ತಿಂಗಳು ಎಲ್ಲ ಹೇಳಿ, ಹುಡುಗಿ ತುಳಸಿ ಗಿಡ ಬಿಟ್ಟು ಹೋಗಿದ್ದಾಳೆ, ತಗೊಂಡು ಹೋಗಲಿ ಅಂದರು. 15,000ಕ್ಕೆ ಒಪ್ಪಿದ್ದೇವೆ. ಡಿಪಾಸಿಟ್ ಎರಡು ಕಂತು, ಅಗ್ರಿಮೆಂಟಿನಲ್ಲೇ ಬರೆಸುತ್ತೇನೆ. ಭಾನುವಾರ ಬೆರಳಚ್ಚಿನವರು ಬರುತ್ತಾರೆ. ಫ್ಯಾನು, ಗೀಸರು, ಕಪಾಟು ಇವೆಲ್ಲವನ್ನೂ ಅದರಲ್ಲಿ ಬರೆಸಬೇಕಾ?

ವಕೀಲೆ ಬೊರಿವಲಿ:

ಬರೆಸಿ ಮೇಡಂ, ಪಟ್ಟಿ ಕರಾರಿನ ಭಾಗವಾಗಿರಲಿ. ಪ್ರತಿಯೊಂದರ ಫೋಟೋ ತೆಗೆದು ಹುಡುಗಿಗೂ ವಾಟ್ಸಾಪ್ ಮಾಡಿ. ಬಚ್ಚಲಿನ ಒದ್ದೆ ಗೋಡೆಯದ್ದೂ ತೆಗೆಯಿರಿ, ನಾಳೆ ಅದು ಅವರ ತಲೆಗೆ ಬರಬಾರದು. ಬೀಗದ ಕೈ ಕೊಡುವ ದಿನ ಮಹಾವಿತರಣದ ಕರೆಂಟ್ ಮೀಟರ್ ರೀಡಿಂಗ್ ಫೋಟೋ ಮರೆಯಬೇಡಿ.