ಕಾಲಿನ ರಕ್ತನಾಳಕ್ಕೆ ಸ್ಟೆಂಟ್: ಒಳಗಿನಿಂದ ಅಲ್ಟ್ರಾಸೌಂಡ್ ಮಾಡಿಸಿಕೊಂಡವರು ಇದ್ದೀರಾ?

ಕೇಳಿದವರು:
ನಮ್ಮ ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ತೊಡೆಯಲ್ಲಿ ಉದ್ದನೆಯ ಬ್ಲಾಕ್ ಇದೆ, ಸ್ಟೆಂಟ್ ಹಾಕೋಣ ಎಂದಿದ್ದಾರೆ. ಜೊತೆಗೆ ರಕ್ತನಾಳದೊಳಗೇ ಅಲ್ಟ್ರಾಸೌಂಡ್ ಬಿಟ್ಟು ನೋಡುತ್ತಾರಂತೆ. ಆಂಜಿಯೋಗ್ರಾಮ್ ಇರುವಾಗ ಇದು ಯಾಕೆ? ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ, ಕಿಡ್ನಿಗೆ ಏನಾದರೂ ಆದೀತು ಅಂತ ಭಯ. ಗೊತ್ತಿರುವವರು ದಯವಿಟ್ಟು ಹೇಳಿ.

ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್:
ನಾನು ದಿನಾ ನೋಡುವ ಕೆಲಸ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆಂಜಿಯೋಗ್ರಾಮ್ ಅಂದರೆ ನಾಳಕ್ಕೆ ಡೈ ಬಿಟ್ಟು ತೆಗೆಯುವ ಎಕ್ಸ್-ರೇ, ಅದರಲ್ಲಿ ಕಾಣುವುದು ಡೈ ಹರಿದ ದಾರಿ ಮಾತ್ರ. ನಾಳದ ಗೋಡೆ ಅದರಲ್ಲಿ ಕಾಣಿಸುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಎಷ್ಟೋ ಸಲ ನಾಳ ಉದ್ದಕ್ಕೂ ಕಿರಿದಾಗಿರುತ್ತದೆ. ಆಗ ಯಾವ ಜಾಗವನ್ನು ಸರಿಯಾದ ಅಳತೆ ಅಂತ ಹಿಡಿಯುವುದು?

ಐವಸ್ ಅಂದರೆ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಸಣ್ಣ ಟ್ಯೂಬು. ಬಲೂನ್, ಸ್ಟೆಂಟ್ ಹೋಗುವ ವೈರಿನ ಮೇಲೆಯೇ ಇದೂ ಹೋಗುತ್ತದೆ. ಬ್ಲಾಕ್ ದಾಟಿಸಿ ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ. ಪರದೆಯ ಮೇಲೆ ನಾಳವನ್ನು ಅಡ್ಡಕ್ಕೆ ಕೊಯ್ದ ಹಾಗೆ ದುಂಡನೆಯ ಚಿತ್ರ ಬರುತ್ತದೆ. ನಡುವೆ ಟ್ಯೂಬು, ಅದರ ಸುತ್ತ ರಕ್ತ ಓಡುವ ಜಾಗ, ಆಮೇಲೆ ಬೂದುಬಣ್ಣದ ಕೊಬ್ಬು, ಹೊರಗೆ ಗೋಡೆ. ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ಕಡೆ ಬೆಳ್ಳಗೆ ಕಮಾನಿನಂತೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು. ಆ ಬಿಳಿ ಸುತ್ತಲೂ ಇದ್ದರೆ ಸ್ಟೆಂಟ್ ಪೂರ್ತಿ ಅರಳುವುದು ಕಷ್ಟ. ಮೊದಲು ಸುಣ್ಣ ಒಡೆಯುವ ಅಥವಾ ಕೆರೆಯುವ ಕೆಲಸ ಆಗಬೇಕು.

ಇನ್ನು ಅಳತೆ. 5 ಮಿ.ಮೀ. ಬದಲು 6 ಮಿ.ಮೀ. ಸ್ಟೆಂಟ್ ಅಂದರೆ ಒಂದೇ ಮಿ.ಮೀ. ಅಲ್ವಾ ಅನಿಸುತ್ತದೆ. ಆದರೆ ರಕ್ತ ಹರಿಯುವ ಜಾಗ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿಯಾಗುತ್ತದೆ. ಹಾಗಂತ ಸುಮ್ನೆ ದೊಡ್ಡದು ಹಾಕಿದರೆ ಗೋಡೆ ಸೀಳಬಹುದು. ಗೋಡೆಯಿಂದ ಗೋಡೆಗೆ ಅಳೆದು ಹಾಕುವುದಕ್ಕೇ ಇದು ಬೇಕು. ಪೂರ್ತಿ ಮುಚ್ಚಿದ ನಾಳದಲ್ಲಿ ವೈರ್ ಕೆಲವೊಮ್ಮೆ ಗೋಡೆಯ ಪದರದೊಳಗೆ ನುಗ್ಗಿರುತ್ತದೆ, ಅದೂ ಇದರಲ್ಲಿ ಗೊತ್ತಾಗುತ್ತದೆ.

ಕಿಡ್ನಿ ವಿಷಯ: ಕಿಡ್ನಿಗೆ ತೊಂದರೆ ಕೊಡಬಹುದಾದದ್ದು ಡೈ, ಅಲ್ಟ್ರಾಸೌಂಡ್‌ಗೆ ಡೈ ಬೇಡ. ಹಾಗಾಗಿ ಒಟ್ಟು ಡೈ ಕಡಿಮೆ ಮಾಡುವ ದಾರಿ ಸಿಗುತ್ತದೆ. ಪೂರ್ತಿ ಬಿಡಲು ಸಾಮಾನ್ಯವಾಗಿ ಆಗುವುದಿಲ್ಲ. ಕ್ರಿಯಾಟಿನಿನ್ ರಿಪೋರ್ಟ್ ಮೊದಲೇ ಕೈಗೆ ಕೊಡಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ತಾಯಿಗೆ ಎರಡು ಸಲ ಮಾಡಿಸಿದವರು:
ಅಮ್ಮನಿಗೆ ಮೊದಲ ಸಲ ಆಂಜಿಯೋ ನೋಡಿಯೇ ಸ್ಟೆಂಟ್ ಹಾಕಿದ್ದರು. ಎಂಟು ತಿಂಗಳಿಗೆ ಮತ್ತೆ ಅದೇ ನೋವು. ಎರಡನೇ ಸಲ ಬೇರೆ ಡಾಕ್ಟರ್ ಐವಸ್ ಬಿಟ್ಟು ನೋಡಿ, ಪರದೆ ನಮಗೂ ತೋರಿಸಿದರು. ಸ್ಟೆಂಟ್ ಒಂದು ಕಡೆ ದುಂಡಗಿರಲಿಲ್ಲ, ಒತ್ತಿದ ಬಳೆಯ ಹಾಗೆ ಚಪ್ಪಟೆಯಾಗಿತ್ತು. ಬಲೂನ್‌ನಿಂದ ಹಿಗ್ಗಿಸಿ, ಮತ್ತೆ ಐವಸ್ ಬಿಟ್ಟು ಅಳೆದರು. ಅದಾಗಿ ಎರಡು ವರ್ಷ. ಮೊದಲನೆಯವರ ತಪ್ಪು ಅಂತ ನಾನು ಹೇಳುವುದಿಲ್ಲ, ಆದರೆ ಆ ಚಿತ್ರ ಮರೆಯಲು ಆಗುತ್ತಿಲ್ಲ. ಸ್ಟೆಂಟ್ ಹಾಕಿದ ಮೇಲೂ ಇನ್ನೊಂದು ಸಲ ನೋಡುತ್ತೀರಾ ಅಂತ ಖಂಡಿತ ಕೇಳಿ.

ರಕ್ತನಾಳ ಶಸ್ತ್ರಚಿಕಿತ್ಸಕರು:
ಮೇಲಿನವರು ಹೇಳಿದ್ದು ಸರಿ. ಅಧ್ಯಯನ ಏನು ಹೇಳುತ್ತದೆ ಎಂಬುದನ್ನು ಸೇರಿಸುತ್ತೇನೆ. 2022ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 150 ಜನ ಇದ್ದರು. ಒಂದು ವರ್ಷದ ನಂತರ ನಾಳ ಮತ್ತೆ ಕಿರಿದಾಗದೆ ಉಳಿದವರು ಐವಸ್ ಗುಂಪಿನಲ್ಲಿ ನೂರಕ್ಕೆ 72, ಆಂಜಿಯೋ ಮಾತ್ರ ಇದ್ದ ಗುಂಪಿನಲ್ಲಿ 55. ಆದರೆ ತೊಂದರೆಯಾಗಿ ಮತ್ತೆ ಚಿಕಿತ್ಸೆಗೆ ಬಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಕೊರಿಯಾದವರು ಔಷಧ ಲೇಪಿಸಿದ ಬಲೂನ್ ಬಳಸಿ 237 ಜನರಲ್ಲಿ ನೋಡಿದರು. ವರ್ಷದ ನಂತರ ನಾಳ ತೆರೆದೇ ಇದ್ದದ್ದು ಐವಸ್ ಗುಂಪಿನಲ್ಲಿ ನೂರಕ್ಕೆ 84, ಆಂಜಿಯೋ ಮಾತ್ರ ಇದ್ದ ಗುಂಪಿನಲ್ಲಿ 70. ಉದ್ದನೆಯ ಬ್ಲಾಕ್ ಇದ್ದರೆ ನಾನಂತೂ ಐವಸ್ ಇಲ್ಲದೆ ಸ್ಟೆಂಟ್ ಹಾಕಲು ಹಿಂಜರಿಯುತ್ತೇನೆ. ಒಳಗೆ ನೋಡಿದ ಮೇಲೆ ಸ್ಟೆಂಟೇ ಬೇಡ, ಬಲೂನ್ ಸಾಕು ಅನಿಸುವುದೂ ಉಂಟು. ಬ್ಲಾಕ್ ಮಂಡಿಯ ಹಿಂಭಾಗಕ್ಕೆ ಇಳಿದಿದ್ದರೆ ಇದು ಇನ್ನೂ ಮುಖ್ಯ. ಅಲ್ಲಿ ನಾಳ ಮಡಚುತ್ತಲೇ ಇರುತ್ತದೆ, ಸ್ಟೆಂಟ್ ಆದಷ್ಟು ತಪ್ಪಿಸುತ್ತೇವೆ.

ಒಂದು ಮಾತು, ಬೆರಳಿನ ಗಾಯ ಇರುವುದರಿಂದ ಈ ಚರ್ಚೆಗಾಗಿ ದಿನ ಮುಂದೂಡಬೇಡಿ. ಐವಸ್ ಇಲ್ಲದಿದ್ದರೂ ಪಾದಕ್ಕೆ ರಕ್ತ ಬೇಗ ಹರಿಯುವಂತಾಗಬೇಕು.

ಸ್ವತಃ ಮಾಡಿಸಿಕೊಂಡವರು:
ಟ್ಯೂಬು ಒಳಗೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ತೊಡೆಸಂದಿಯಲ್ಲಿ ಮರಗಟ್ಟಿಸುವ ಸೂಜಿ ಚುಚ್ಚಿದ್ದೊಂದೇ ನೋವು. ಬಲೂನ್ ಹಿಗ್ಗಿಸುವಾಗ ತೊಡೆ ಬಿಗಿದ ಹಾಗಾಯಿತು. ಆಮೇಲೆ ಕಾಲು ಅಲ್ಲಾಡಿಸದೆ ಮಲಗುವುದೇ ಬೇಸರ. ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ಒಂದು ದಿನವೂ ಬಿಡಬೇಡಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಿಸಿಸಿ, ನಾನು ತಡಮಾಡಿ ನಿಲ್ಲಿಸಿದೆ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಡಾಕ್ಟರ್ ಹತ್ತಿರ ಅಳತೆ, ಸುಣ್ಣ, ಡೈ, ಸ್ಟೆಂಟ್ ನಂತರ ಮತ್ತೆ ನೋಡುವುದು, ನಾಲ್ಕನ್ನೂ ಕೇಳಿದೆ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಸ್ಟೆಂಟ್ ಮಂಡಿಗಿಂತ ಮೇಲೆಯೇ ನಿಲ್ಲಿಸುತ್ತೇವೆ ಎಂದರು. ಗುರುವಾರ ಬೆಳಿಗ್ಗೆಗೆ ದಿನ ಕೊಟ್ಟಿದ್ದಾರೆ.