ಬ್ರೌನಿಂಗ್ ಲಿವರ್ ರೈಫಲ್‌ಗಳು: 1886, 1892ರಿಂದ 1894 ಬೇರೆಯಾಗುವುದು ಎಲ್ಲಿ?

ಹಳೇಉಕ್ಕು:
ಜಾನ್ ಮೋಸೆಸ್ ಬ್ರೌನಿಂಗ್ ವಿಂಚೆಸ್ಟರ್ ಬಂದೂಕು ಕಂಪನಿಗೆ ಮಾಡಿಕೊಟ್ಟ, ಲಿವರ್ ಆಡಿಸಿ ತೋಟಾ ತುಂಬುವ ಬೇಟೆ ರೈಫಲ್‌ಗಳ ಒಳರಚನೆ ನೋಡುತ್ತಿದ್ದೇನೆ. 1892ರ ಮಾದರಿ ಅಂದರೆ 1886ರ ಚಿಕ್ಕ ರೂಪ, ಅಷ್ಟು ಅರ್ಥವಾಯಿತು. ಆದರೆ 1894ರಲ್ಲಿ (ಚಿಕ್ಕದಾಗಿ 94) ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಮುಚ್ಚಿಕೊಳ್ಳುವ ಉಕ್ಕಿನ ತುಂಡನ್ನು, ಹಿಡಿಯುವ ಎರಡು ಲಾಕ್ ಬಿಟ್ಟು ಒಂದಕ್ಕೆ ಬಂದದ್ದೇಕೆ? ಅದು ದುರ್ಬಲವಲ್ಲವೇ? ಹಳೆಯ 94 ಕೈಗೆ ಬಂದರೆ ಮೊದಲು ಏನು ಪರೀಕ್ಷಿಸಬೇಕು?

ಲಾಕ್‌ಬ್ಲಾಕ್:
ಮೂಲ 1885ರ ಸಿಂಗಲ್ ಶಾಟ್‌ನಲ್ಲಿದೆ. ಬ್ರೌನಿಂಗ್ ಅದಕ್ಕೆ 1879ರಲ್ಲೇ ಪೇಟೆಂಟ್ ಪಡೆದಿದ್ದ. 1883ರಲ್ಲಿ ವಿಂಚೆಸ್ಟರ್‌ನ ಟಿ. ಜಿ. ಬೆನೆಟ್ ಯೂಟಾದ ಆಗ್ಡೆನ್‌ಗೆ ಹೋಗಿ 8,000 ಡಾಲರ್ ಕೊಟ್ಟು ಕೊಂಡ. ಅದರಲ್ಲಿ ದಪ್ಪ ಉಕ್ಕಿನ ಬ್ಲಾಕ್ ನೇರವಾಗಿ ಮೇಲಕ್ಕೆ ಬಂದು ನಳಿಗೆಯ ಹಿಂಬದಿ ಮುಚ್ಚುತ್ತದೆ. ಹಾಗೆ ಲಂಬವಾಗಿ ಏರಿ ಲಾಕ್ ಆಗುವ ಉಕ್ಕೇ ಅವನ ಮುಂದಿನ ಲಿವರ್ ರೈಫಲ್‌ಗಳ ಜೀವಾಳ. ಅದಕ್ಕೂ ಮೊದಲಿನ 1873ರಲ್ಲಿ ಬೋಲ್ಟನ್ನು ತಡೆಯುತ್ತಿದ್ದದ್ದು ಮೊಣಕಾಲಿನ ಹಾಗೆ ಮಡಚುವ ಕೊಂಡಿ. 45-70ರಂಥ ದೊಡ್ಡ ತೋಟಾ ತಡೆಯುವ ತಾಕತ್ತು ಅದಕ್ಕಿರಲಿಲ್ಲ.

1886 ಮತ್ತು 1892ರಲ್ಲಿ ಬೋಲ್ಟ್‌ನ ಎಡಕ್ಕೊಂದು, ಬಲಕ್ಕೊಂದು ಲಾಕ್ ಪಟ್ಟಿ. ಗಟ್ಟಿ ಹೌದು, ಆದರೆ ಎರಡೂ ಪಕ್ಕದಲ್ಲಿ ಜಾಗ ಬೇಕು. 94ರಲ್ಲಿ ಒಂದೇ ಅಗಲವಾದ ಬ್ಲಾಕ್ ಬೋಲ್ಟ್‌ನ ಬೆನ್ನ ಹಿಂದೆ ಏರುತ್ತದೆ. ಲಿವರ್ ತೆರೆದಾಗ ರಿಸೀವರ್‌ನ (ಒಳಭಾಗಗಳನ್ನು ಹೊತ್ತ ಚೌಕಟ್ಟಿನ) ತಳದ ತಟ್ಟೆಯೂ ಕೆಳಕ್ಕೆ ಜಾರುವುದರಿಂದ ಲಿವರ್‌ನ ಆಧಾರ ಬಿಂದುವೇ ಸರಿದು, ಬೋಲ್ಟ್ ಹೆಚ್ಚು ದೂರ ಓಡುತ್ತದೆ. ಲಾಭ ಏನೆಂದರೆ, 45-70 ಮತ್ತು 30-30 ತೋಟಾ ಎರಡರ ಪೂರ್ಣ ಉದ್ದವೂ ಸುಮಾರು 65 ಮಿ.ಮೀ. ಆ ಉದ್ದಕ್ಕಾಗಿ 1886 ಸುಮಾರು 4 ಕಿಲೋ ತೂಗಿದರೆ, 94ರ ಕಾರ್ಬೈನ್ (ಗಿಡ್ಡ ನಳಿಗೆಯ ರೂಪ) 3 ಕಿಲೋದಲ್ಲಿ ಮುಗಿಸುತ್ತದೆ. 70 ಲಕ್ಷಕ್ಕೂ ಹೆಚ್ಚು ತಯಾರಾದದ್ದು ಸುಮ್ಮನೆ ಅಲ್ಲ.

ಇನ್ನೊಂದು ಸೊಗಸು: ಹ್ಯಾಮರ್ ನೇರವಾಗಿ ತೋಟಾ ಸಿಡಿಸುವ ಫೈರಿಂಗ್ ಪಿನ್ನಿಗೆ ಬಡಿಯುವುದಿಲ್ಲ. ಲಾಕ್ ಬ್ಲಾಕ್‌ನೊಳಗೇ ಒಂದು ಚಿಕ್ಕ ಸ್ಟ್ರೈಕರ್ ಇದೆ, ಹೊಡೆತ ಅದರ ಮೂಲಕ ಹೋಗಬೇಕು. ಬ್ಲಾಕ್ ಪೂರ್ತಿ ಏರದಿದ್ದರೆ ಸ್ಟ್ರೈಕರ್ ಮತ್ತು ಪಿನ್ ಒಂದೇ ಸಾಲಿಗೆ ಬರುವುದಿಲ್ಲ.

ಸ್ಕ್ರೂ_ತಲೆ:
ಪರೀಕ್ಷೆಯ ಬಗ್ಗೆ. ಮೊದಲು ಲಿವರ್ ಪೂರ್ತಿ ತೆರೆದು ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಮತ್ತು ಮ್ಯಾಗಜೀನ್ ಕೊಳವೆ ಎರಡೂ ಖಾಲಿ ಇರುವುದನ್ನು ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಳ್ಳಿ. ಲಿವರ್ ಮುಚ್ಚಿದಾಗ ಬ್ಲಾಕ್ ಪೂರ್ತಿ ಮೇಲೇರಿ ಕೂರಬೇಕು. ಹ್ಯಾಮರ್ ಎತ್ತಿ, ಲಿವರ್ ಹಿಡಿಕೆಗೆ ಒತ್ತದೆ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಬಿದ್ದರೆ ಟ್ರಿಗರ್ ತಡೆಯುವ ಪಿನ್ ಕೆಲಸ ಮಾಡುತ್ತಿಲ್ಲ. ಹಾಫ್ ಕಾಕ್‌ನಲ್ಲಿಟ್ಟು (ಹ್ಯಾಮರ್ ಅರ್ಧ ಎತ್ತಿ ನಿಲ್ಲುವ ಖಾಚಿನಲ್ಲಿಟ್ಟು) ಲಿವರ್ ಒತ್ತಿ ಹಿಡಿದು ಟ್ರಿಗರ್ ಎಳೆದರೂ ಹ್ಯಾಮರ್ ಬೀಳಬಾರದು. ಈ ಖಾಚು ಒಡೆದ ರೈಫಲ್ ಬಳಸಲೇಬೇಡಿ. ಹೆಡ್‌ಸ್ಪೇಸನ್ನು (ಮುಚ್ಚಿದ ಬೋಲ್ಟ್‌ಗೂ ತೋಟಾ ಕೂರುವ ನೆಲೆಗೂ ನಡುವಿನ ಅಂತರ) ಗೇಜ್ ಹಾಕಿಯೇ ಅಳೆಯಬೇಕು. ಹಾರಿಸಿದ ಖೋಕಾದಲ್ಲಿ (ಖಾಲಿ ತೋಟಾದಲ್ಲಿ) ಪ್ರೈಮರ್, ಅಂದರೆ ಬುಡದ ಕಿಡಿ ಹೊತ್ತಿಸುವ ಬಟ್ಟಲು, ಹಿಂದಕ್ಕೆ ಉಬ್ಬಿದ್ದರೆ ಅಥವಾ ಬುಡದ ಮೇಲೆ ಹೊಳೆಯುವ ಉಂಗುರ ಮೂಡಿದ್ದರೆ ಅನುಮಾನಿಸಿ.

ನಳಿಗೆಯ ಬಾಯಿಯನ್ನು ಲೆನ್ಸ್ ಹಿಡಿದು ನೋಡಿ. ಬಿಚ್ಚದೆ ಹಿಂದಿನಿಂದ ಸ್ವಚ್ಛ ಮಾಡುವ ಸರಳು ತೂರಿಸಲು ದಾರಿ ಇಲ್ಲದ್ದರಿಂದ ಎಲ್ಲರೂ ಬಾಯಿ ಕಡೆಯಿಂದಲೇ ತೂರಿಸುತ್ತಾರೆ. ಗೈಡ್ ಹಾಕದೆ ವರ್ಷಗಟ್ಟಲೆ ಉಜ್ಜಿದರೆ ಅಂಚು ಒಂದೇ ಕಡೆ ಸವೆದು, ಒಳಗೆಲ್ಲ ಚೆನ್ನಾಗಿದ್ದರೂ ಗುರಿ ಚದುರುತ್ತದೆ.

ತೋಟಾ ಸಿಕ್ಕಿಕೊಳ್ಳುತ್ತದೆ ಅನ್ನುವ ದೂರಿಗೆ ಬಹುಪಾಲು ಕಾರಣ ಲಿವರನ್ನು ಅರ್ಧಕ್ಕೆ ನಿಲ್ಲಿಸುವುದು. ಕ್ಯಾರಿಯರ್ (ತೋಟಾ ಎತ್ತುವ ತಟ್ಟೆ) ತೋಟಾವನ್ನು ಮೇಲೆತ್ತುವುದೇ ಲಿವರ್ ಓಟದ ಕೊನೆಯ ಹಂತದಲ್ಲಿ. ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ, ಹಿಂಜರಿಯದೆ.

1964ರ ನಂತರದವುಗಳಲ್ಲಿ ಕೆಲವು ವರ್ಷ ಕ್ಯಾರಿಯರನ್ನು ತಗಡಿನಿಂದ ಒತ್ತಿ ಮಾಡಿದ್ದರು, ರಿಸೀವರ್‌ಗೆ ಸಾಮಾನ್ಯ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಪ್ಪು-ನೀಲಿ ಲೇಪ) ಸರಿಯಾಗಿ ಹಿಡಿಯುವುದಿಲ್ಲ. ಮರುಬಣ್ಣದ ಆಸೆಯಿದ್ದರೆ ಅವನ್ನು ಬಿಡಿ.

ಟ್ಯೂಬ್‌ಮ್ಯಾಗ್:
ದುರ್ಬಲವೇ ಎಂಬುದಕ್ಕೆ: 30-30ಕ್ಕೆ ಆ ಒಂದು ಬ್ಲಾಕ್ ಧಾರಾಳ. 94 ಮೊದಲು ಬಂದದ್ದು 32-40, 38-55 ಎಂಬ ಕಪ್ಪು ಮದ್ದಿನ ತೋಟಾಗಳಿಗೆ. 1895ರಲ್ಲಿ ಹೊಗೆಯಿಲ್ಲದ ಮದ್ದಿನ 30-30 ಸೇರಿದಾಗ ಬದಲಾಗಿದ್ದು ನಳಿಗೆ, ನಿಕಲ್ ಉಕ್ಕು ಬಂತು. ಲಾಕ್ ಹಾಗೇ ಉಳಿಯಿತು. ಆದ್ದರಿಂದ ತೀರಾ ಹಳೆಯ 38-55ರಲ್ಲಿ ಲಾಕ್‌ಗಿಂತ ನಳಿಗೆಯ ಉಕ್ಕು ಯಾವುದೆಂದು ನೋಡಿ.

ನಿಜವಾದ ಮಿತಿ ಮ್ಯಾಗಜೀನ್ ಕೊಳವೆ. ಅದರಲ್ಲಿ ಒಂದರ ಗುಂಡಿನ ತುದಿ ಮುಂದಿನದರ ಪ್ರೈಮರ್‌ಗೆ ತಾಗಿರುತ್ತದೆ. ಗಟ್ಟಿ ಚೂಪು ತುದಿಯಾದರೆ ಹಿಮ್ಮೆಟ್ಟುವ ಹೊಡೆತಕ್ಕೆ ಕೊಳವೆಯಲ್ಲೇ ಸಿಡಿಯಬಹುದು. ಹಾಗಾಗಿ ಚಪ್ಪಟೆ ತುದಿ, ಇಲ್ಲವೇ ಇದಕ್ಕೆಂದೇ ಮಾಡಿದ ಮೆತ್ತನೆಯ ಪಾಲಿಮರ್ ತುದಿ. ಬ್ರೌನಿಂಗ್ ಇದಕ್ಕೂ ಉತ್ತರ ಕೊಟ್ಟಿದ್ದ: 1895ರ ಮಾದರಿಯಲ್ಲಿ ಕೊಳವೆ ತೆಗೆದು ಪೆಟ್ಟಿಗೆ ಮ್ಯಾಗಜೀನ್ ಇಟ್ಟ. ಮೊದಲ ಮಹಾಯುದ್ಧದಲ್ಲಿ ರಷ್ಯಾ ಅದನ್ನೇ ಸುಮಾರು 3 ಲಕ್ಷ ಕೊಂಡಿತು.

ಸ್ಕೋಪ್ ಬೇಕಿದ್ದರೆ 1982ರಿಂದ ಬಂದ, ಖೋಕಾವನ್ನು ಓರೆಯಾಗಿ ಬಲಕ್ಕೆ ಎಸೆಯುವ 94 ಆರಿಸಿ. ಹಳೆಯದು ನೇರ ಮೇಲಕ್ಕೆ ಎಸೆಯುತ್ತದೆ, ಮಧ್ಯಕ್ಕೆ ಸ್ಕೋಪ್ ಕೂರಿಸಿದರೆ ಖೋಕಾ ಅದಕ್ಕೇ ಬಡಿಯುತ್ತದೆ. ಹಳೆಯದರ ಮೇಲೆ ಹೊಸ ತೂತು ಕೊರೆಯಬೇಡಿ, ಪೀಪ್ ಸೈಟ್ (ಚಿಕ್ಕ ರಂಧ್ರದ ಹಿಂಗುರಿ) ಸಾಕು.