ಪದಚರ್ಚೆ: ‘ಯಾದೃಚ್ಛಿಕ ಪ್ರವೇಶ’, ‘ಸ್ಥಿರ’, ‘ಅಸ್ಥಿರ’ – ಕಂಪ್ಯೂಟರ್ ಮೆಮೊರಿಯ ಬಗೆಗಳಿಗೆ ಒಪ್ಪುವ ಕನ್ನಡ ಯಾವುದು?

ಮಾನ್ಯರೇ,

‘ಸ್ಟ್ಯಾಟಿಕ್ ರ‍್ಯಾಮ್’ ಎಂಬುದನ್ನು ‘ಸ್ಥಿರ ರ‍್ಯಾಮ್’ ಎಂದೂ ‘ವೋಲಟೈಲ್ ಮೆಮೊರಿ’ ಎಂಬುದನ್ನು ‘ಅಸ್ಥಿರ ಸ್ಮೃತಿ’ ಎಂದೂ ಬರೆದರೆ ಬಿಡಿಬಿಡಿಯಾಗಿ ಎರಡೂ ಸರಿಯಾಗಿಯೇ ಕಾಣುತ್ತವೆ. ಎರಡನ್ನೂ ಒಂದೇ ವಾಕ್ಯಕ್ಕೆ ತಂದಾಗ ಮಾತ್ರ ‘ಸ್ಥಿರ ರ‍್ಯಾಮ್ ಒಂದು ಅಸ್ಥಿರ ಸ್ಮೃತಿ’ ಎಂದಾಗುತ್ತದೆ. ತಾಂತ್ರಿಕವಾಗಿ ಈ ವಾಕ್ಯದಲ್ಲಿ ದೋಷವಿಲ್ಲ: ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ; ‘ವೋಲಟೈಲ್’ ಎಂದರೆ ವಿದ್ಯುತ್ ಹೋದರೆ ಅಳಿಯುವಂಥದ್ದು; ‘ಸ್ಟ್ಯಾಟಿಕ್’ ಎಂದರೆ ವಿದ್ಯುತ್ ಇರುವಷ್ಟು ಹೊತ್ತು ಮತ್ತೆ ಮತ್ತೆ ಬರೆಯದೆಯೂ ಮಾಹಿತಿ ಉಳಿಯುವಂಥದ್ದು. ಆದರೆ ಓದುವವನಿಗೆ ಇದು ಒಗಟು. ಇಂಥ ಒಗಟುಗಳು ಮೆಮೊರಿಯ ವಿಷಯದಲ್ಲಿ ಒಂದೆರಡಲ್ಲ, ಹಲವು ಇವೆ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಬಲ್ಲವರ ಮುಂದಿಡುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಹೇಳಿಬಿಡುವುದು ಒಳ್ಳೆಯದು. ದಕ್ಷಿಣ ಕೊಡಗಿನ ಕಾಫಿ ತೋಟಗಳಲ್ಲಿ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ಮತ್ತು ಬಟವಾಡೆಯ ಲೆಕ್ಕ ಬರೆಯುವ ರೈಟರುಗಳಿಗಾಗಿ ಕಂಪ್ಯೂಟರಿನ ಒಳಗನ್ನು ವಿವರಿಸುವ ಒಂದು ಚಿಕ್ಕ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಓದುವವರಲ್ಲಿ ಬಹುಮಂದಿಯ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ತುಳು. ಕನ್ನಡ ಅವರಿಗೆ ಶಾಲೆಯಲ್ಲಿ ಕಲಿತ, ಕಚೇರಿಯಲ್ಲಿ ಬರೆಯುವ ಭಾಷೆ. ಇಂಥ ಓದುಗರು ಅಪರಿಚಿತ ಪದವನ್ನು ಬಿಡಿಸಿ ಓದುತ್ತಾರೆ, ಬಿಡಿಸಿದಾಗ ಸಿಕ್ಕ ಅರ್ಥವನ್ನು ನಂಬಿ ಮುಂದೆ ಹೋಗುತ್ತಾರೆ. ಆದ್ದರಿಂದ ಪಾರಿಭಾಷಿಕ ಪದ ಹೇಗಿದ್ದರೇನು, ವ್ಯಾಖ್ಯೆ ಕೊಟ್ಟರಾಯಿತು ಎನ್ನುವ ವಾದವನ್ನು ನಾನು ಒಪ್ಪಲಾರೆ.

ಮೊದಲನೆಯದು ‘ಯಾದೃಚ್ಛಿಕ ಪ್ರವೇಶ ಸ್ಮೃತಿ’. ರ‍್ಯಾಮ್ (ರ‍್ಯಾಂಡಮ್ ಆಕ್ಸೆಸ್ ಮೆಮೊರಿ) ಎಂಬುದರ ಈ ರೂಪ ಕನ್ನಡದ ಬರಹಗಳಲ್ಲಿ ಆಗಾಗ ಕಾಣಿಸುತ್ತದೆ. ಯದೃಚ್ಛೆ ಎಂದರೆ ಯಾರೂ ಬಯಸದೆ, ಯೋಜಿಸದೆ, ತಾನಾಗಿ ಒದಗಿದ್ದು. ಗಣಿತದಲ್ಲಿ ದಾಳ ಎಸೆಯುವುದನ್ನು ‘ಯಾದೃಚ್ಛಿಕ ಪ್ರಯೋಗ’ ಎನ್ನುತ್ತೇವೆ. ಯಾವ ಮುಖ ಬೀಳುತ್ತದೆಂದು ಮುಂಚಿತವಾಗಿ ಹೇಳಲಾಗದು ಎಂಬುದೇ ಅಲ್ಲಿನ ತಾತ್ಪರ್ಯ, ಮತ್ತು ಅಲ್ಲಿ ಆ ಪದ ಸರಿಯಾಗಿಯೇ ಹೊಂದುತ್ತದೆ. ರ‍್ಯಾಮ್‌ನಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಪ್ರತಿಯೊಂದು ಕೋಶಕ್ಕೂ ವಿಳಾಸವಿದೆ. ಸಂಸ್ಕಾರಕ (ಪ್ರೊಸೆಸರ್) ಯಾವ ವಿಳಾಸವನ್ನು ಕೇಳಿತೋ ಅದೇ ವಿಳಾಸದ ಮಾಹಿತಿ ಬರಬೇಕು, ಆಕಸ್ಮಿಕವಾಗಿ ಬೇರೊಂದು ಬಂದರೆ ಯಂತ್ರ ಕೆಟ್ಟಿದೆ ಎಂದರ್ಥ.

ಇಂಗ್ಲಿಷಿನ ‘ರ‍್ಯಾಂಡಮ್’ ಇಲ್ಲಿಗೆ ಬಂದ ಬಗೆಯನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಯಂತ್ರದ ಮೆಮೊರಿ ಎಂದರೆ ಪಾದರಸ ತುಂಬಿದ ಕೊಳವೆಗಳು. ಮಾಹಿತಿ ಶಬ್ದದ ಅಲೆಗಳಾಗಿ ಕೊಳವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿ, ಅಲ್ಲಿ ವಿದ್ಯುತ್ ಸಂಕೇತವಾಗಿ ಬದಲಾಗಿ, ಮತ್ತೆ ಮೊದಲ ತುದಿಗೆ ಮರಳಿ ಸುತ್ತುತ್ತಲೇ ಇರುತ್ತಿತ್ತು. ಬೇಕಾದ ಮಾಹಿತಿ ಕೊಳವೆಯ ತುದಿಗೆ ಬರುವವರೆಗೆ, ವಿರಾಜಪೇಟೆಯ ನಿಲ್ದಾಣದಲ್ಲಿ ನಮ್ಮೂರಿನ ಬಸ್ಸಿಗೆ ಕಾಯುವಂತೆ, ಯಂತ್ರ ಕಾಯಬೇಕಿತ್ತು. ಟೇಪಿನ ಕತೆಯೂ ಇದೇ. ನಡುವಿನ ಭಾಗ ಬೇಕಾದರೆ ಅಲ್ಲಿಯವರೆಗೆ ಸುತ್ತಬೇಕು. ಮ್ಯಾಂಚೆಸ್ಟರ್‌ನಲ್ಲಿ ಫ್ರೆಡ್ಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಬೇರೊಂದು ದಾರಿ ಹಿಡಿದರು. ಟಿವಿಯಲ್ಲಿದ್ದಂಥ ಕ್ಯಾಥೋಡ್ ಕಿರಣ ಕೊಳವೆಯ ಮುಖದ ಮೇಲೆ ವಿದ್ಯುದಾವೇಶದ ಚುಕ್ಕೆಗಳಾಗಿ ಮಾಹಿತಿಯನ್ನು ಇಟ್ಟರು. ಎಲೆಕ್ಟ್ರಾನ್ ಕಿರಣವನ್ನು ಯಾವ ಚುಕ್ಕೆಯತ್ತ ಬೇಕಾದರೂ ನೇರವಾಗಿ ತಿರುಗಿಸಬಹುದಾಗಿತ್ತು. 1948ರ ಜೂನ್ 21ರಂದು ಮೊದಲ ಕ್ರಮವಿಧಿಯನ್ನು (ಪ್ರೋಗ್ರಾಮ್) ಓಡಿಸಿದ ಅವರ ಪುಟ್ಟ ಯಂತ್ರದಲ್ಲಿ ಇದ್ದದ್ದು 32 ಬಿಟ್‌ಗಳ 32 ‘ವರ್ಡ್’ಗಳು (ಯಂತ್ರ ಒಮ್ಮೆಗೆ ಹಿಡಿಯುವ ಬಿಟ್ ಗುಂಪುಗಳು; ಬಿಟ್ ಎಂದರೆ ಒಂದು ಅಥವಾ ಸೊನ್ನೆ), ಅಂದರೆ ಒಟ್ಟು 1024 ಬಿಟ್‌ಗಳು. ‘ರ‍್ಯಾಂಡಮ್’ ಎಂಬುದು ಈ ಸ್ವಾತಂತ್ರ್ಯದ ಹೆಸರು: ಯಾವ ಕ್ರಮದಲ್ಲಿ ಕೇಳಿದರೂ, ಎಲ್ಲಿಯದನ್ನು ಕೇಳಿದರೂ, ತಗಲುವ ಹೊತ್ತು ಹೆಚ್ಚುಕಡಿಮೆ ಒಂದೇ.

ಹಾಗಾದರೆ ಯಾವ ಪದ? ‘ಯಥೇಚ್ಛ ಪ್ರವೇಶ’ ಎಂದರೆ ವ್ಯುತ್ಪತ್ತಿಯ ಪ್ರಕಾರ ಅತ್ಯಂತ ಸರಿ, ಇಚ್ಛೆ ಹೇಗೋ ಹಾಗೆ. ಆದರೆ ಇಂದಿನ ಕನ್ನಡದಲ್ಲಿ ಯಥೇಚ್ಛ ಎಂದರೆ ‘ಧಾರಾಳ’ ಎಂದೇ ಅರ್ಥ. ನಮ್ಮ ಕಡೆ ಅದನ್ನು ಹೆಚ್ಚಾಗಿ ಬಳಸುವುದು ಮಳೆಯ ಸುದ್ದಿಗೆ. ‘ಐಚ್ಛಿಕ’ವನ್ನು ಪರೀಕ್ಷೆಯ ವಿಷಯಗಳು ಹಿಡಿದಿಟ್ಟುಕೊಂಡಿವೆ. ‘ಸ್ವೈರ’ ಎಂದರೆ ವಿಹಾರವೋ ಆಚಾರವೋ ನೆನಪಾಗಿ, ಓದುವವರ ಮುಖದಲ್ಲಿ ನಗು ಮೂಡೀತು. ‘ಎಲ್ಲೆಂದರಲ್ಲಿ’ ಎಂಬುದು ಕಸ ಎಸೆಯುವವರಿಗೆ ಮೀಸಲು. ‘ನೇರ ಪ್ರವೇಶ’ ಚೆನ್ನಾಗಿದೆ ಎನ್ನಿಸಿತ್ತು, ಆದರೆ ಆ ಹೆಸರು ಶಾಸ್ತ್ರದಲ್ಲಿ ಬೇರೊಂದಕ್ಕೆ ಸಲ್ಲುತ್ತದೆ: ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ಬೇಕಾದ ಪಥಕ್ಕೆ ನೇರವಾಗಿ ಹೋಗಬಲ್ಲದಾದರೂ, ಅದು ಎಷ್ಟು ದೂರದಲ್ಲಿದೆ ಮತ್ತು ತಟ್ಟೆ ಎಷ್ಟು ಸುತ್ತಬೇಕು ಎಂಬುದರ ಮೇಲೆ ಹೊತ್ತು ಬದಲಾಗುತ್ತದೆ. ಕೊನೆಗೆ ‘ನಿಲುಕು’ ಎಂಬ ಪದದ ಬಳಿ ಬಂದು ನಿಂತಿದ್ದೇನೆ. ‘ಸಮನಿಲುಕಿನ ನೆನಪು’ ಎಂದರೆ ಎಲ್ಲ ಕೋಶಗಳೂ ಒಂದೇ ಸಮನಾಗಿ ಕೈಗೆ ನಿಲುಕುವಂಥದ್ದು. ಇಂದಿನ ರ‍್ಯಾಮ್‌ಗೆ ಇದೂ ಪೂರ್ತಿ ನಿಜವಲ್ಲ; ಕೋಶಗಳು ಸಾಲುಗಳಲ್ಲಿದ್ದು, ಈಗಾಗಲೇ ತೆರೆದಿರುವ ಸಾಲಿನಿಂದ ಓದುವುದು ಹೊಸ ಸಾಲನ್ನು ತೆರೆದು ಓದುವುದಕ್ಕಿಂತ ಬೇಗ ಮುಗಿಯುತ್ತದೆ. ಆದರೂ ಆ ವ್ಯತ್ಯಾಸ ಕೆಲವು ಹತ್ತು ನ್ಯಾನೊಸೆಕೆಂಡುಗಳದು, ಹಾರ್ಡ್ ಡಿಸ್ಕಿನಲ್ಲಿರುವುದು ಮಿಲಿಸೆಕೆಂಡುಗಳದು. ಹೆಸರಿನ ಮಟ್ಟಿಗೆ ಇದನ್ನು ಕಡೆಗಣಿಸಬಹುದು ಎಂದು ನನ್ನ ಅಭಿಪ್ರಾಯ.

ಇದರ ಜೊತೆಗೇ ಇನ್ನೊಂದು ಗೊಂದಲವನ್ನು ಬಿಡಿಸಬೇಕಾಗುತ್ತದೆ. ರ‍್ಯಾಮ್ ಮತ್ತು ರೋಮ್ ಪರಸ್ಪರ ವಿರುದ್ಧ ಎಂಬಂತೆ ನಮ್ಮಲ್ಲಿ ಕಲಿಸಲಾಗುತ್ತದೆ. ಓದುವುದಕ್ಕಷ್ಟೇ ಬರುವ ರೋಮ್‌ನಲ್ಲಿಯೂ ಯಾವ ವಿಳಾಸವನ್ನು ಬೇಕಾದರೂ ಸಮನಾಗಿ ತಲುಪಬಹುದು. ಆ ಅರ್ಥದಲ್ಲಿ ರೋಮ್ ಕೂಡ ‘ರ‍್ಯಾಂಡಮ್ ಆಕ್ಸೆಸ್’. 1950ರ ಮತ್ತು 60ರ ದಶಕಗಳಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಫೆರೈಟ್ ಉಂಗುರಗಳ ಕೋರ್ ಮೆಮೊರಿ ಸಮನಿಲುಕಿನದೇ ಆಗಿದ್ದರೂ, ವಿದ್ಯುತ್ ಹೋದ ಮೇಲೆಯೂ ಉಂಗುರದ ಕಾಂತತ್ವ ಉಳಿಯುತ್ತಿದ್ದುದರಿಂದ ಮಾಹಿತಿ ಅಳಿಯುತ್ತಿರಲಿಲ್ಲ. ಅಂದಮೇಲೆ ತೋಟದ ರೈಟರಿಗೆ ನಿಜವಾಗಿ ತಿಳಿಯಬೇಕಾದ ವಿಭಾಗ ಬೇರೆಯೇ: ವಿದ್ಯುತ್ ಹೋದರೆ ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ? ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ತಂತಿ ತುಂಡಾದಾಗ, ಅದುವರೆಗೆ ತುಂಬಿಸಿ ಇನ್ನೂ ಸೇವ್ ಮಾಡದಿದ್ದ ಚೆಕ್‌ರೋಲ್ ಏಕೆ ಹೋಯಿತು, ಹಿಂದಿನ ವಾರದ ಬಟವಾಡೆಯ ಕಡತ ಏಕೆ ಹೋಗಲಿಲ್ಲ ಎಂಬುದಕ್ಕೆ ಉತ್ತರ ಇರುವುದು ಈ ವಿಭಾಗದಲ್ಲಿ.

ಈ ಗುಣಕ್ಕೆ ಇಂಗ್ಲಿಷಿನಲ್ಲಿ ‘ವೋಲಟೈಲ್’ ಎನ್ನುತ್ತಾರೆ. ರಸಾಯನಶಾಸ್ತ್ರದಿಂದ ‘ಬಾಷ್ಪಶೀಲ’ವನ್ನು ತಂದರೆ ಪೆಟ್ರೋಲು ಕಣ್ಮುಂದೆ ಬರುತ್ತದೆ, ‘ಚಂಚಲ’ ಎಂದರೆ ಮನಸ್ಸು. ‘ಅಸ್ಥಿರ’ದ ತೊಂದರೆಯನ್ನು ಮೊದಲೇ ಹೇಳಿದೆ. ಇಲ್ಲಿ ಕನ್ನಡದ ಅಳಿ–ಉಳಿ ಜೋಡಿಯನ್ನೇ ಏಕೆ ಬಳಸಬಾರದು? ‘ಅಳಿನೆನಪು’, ‘ಉಳಿನೆನಪು’. ಅಳಿವು ಉಳಿವು, ಅಳಿದುಳಿದ ಎಂಬ ಮಾತುಗಳು ಎಲ್ಲರ ಬಾಯಲ್ಲೂ ಇರುವುದರಿಂದ ಬಿಡಿಸಿ ಓದುವವರಿಗೂ ಅರ್ಥ ದೊರಕುತ್ತದೆ. ಇನ್ನೂ ಒಂದು ಕಾರಣಕ್ಕೆ ‘ಅಳಿ’ ನನಗೆ ಒಪ್ಪಿತು. ವಿದ್ಯುತ್ ಹೋದ ಕ್ಷಣದಲ್ಲೇ ರ‍್ಯಾಮ್ ಬರಿದಾಗುವುದಿಲ್ಲ, ಅದರಲ್ಲಿರುವುದು ಕ್ರಮೇಣ ನಶಿಸುತ್ತದೆ. ಚಿಪ್ಪನ್ನು ತಣ್ಣಗಾಗಿಸಿದರೆ ಮಾಹಿತಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆಂದೂ ಆ ಅವಧಿಯಲ್ಲಿ ಗುಪ್ತಲಿಪಿಯ ಕೀಲಿಗಳನ್ನು ಓದಿಬಿಡಬಹುದೆಂದೂ 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ತೋರಿಸಿತು.

ಆಕ್ಷೇಪ ಬರಬಹುದಾದದ್ದು ಒಂದೇ ಕಡೆ. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ರೂಪಿಸಿದ ಇಪ್ರೋಮ್ ಎಂಬ ಬಗೆಯಲ್ಲಿ ಚಿಪ್ಪಿನ ಮೇಲಿನ ಸ್ಫಟಿಕದ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ ಮಾಹಿತಿಯನ್ನು ಅಳಿಸಿ ಹೊಸದನ್ನು ಬರೆಯಬಹುದು. ಇದು ಉಳಿನೆನಪು, ಆದರೆ ಅಳಿಸಬಹುದಾದದ್ದು. ಅಳಿಯುವುದಕ್ಕೂ ಅಳಿಸುವುದಕ್ಕೂ ಇರುವ ಅಂತರವನ್ನು ಕನ್ನಡದ ಪ್ರೇರಣಾರ್ಥಕವೇ ನೋಡಿಕೊಳ್ಳುತ್ತದೆ. ತಾನಾಗಿ ಅಳಿಯುವುದು ಬೇರೆ, ನಾವು ಅಳಿಸುವುದು ಬೇರೆ. ಇಕ್ಕಟ್ಟಿನಲ್ಲಿ ಸಿಗುವುದು ‘ಅಳಿ’ಯಲ್ಲ, ರೋಮ್‌ಗೆ ಇರುವ ‘ಓದುಮಾತ್ರ ಸ್ಮೃತಿ’ ಎಂಬ ಹಳೆಯ ಹೆಸರು. ಅಳಿಸಿ ಬರೆಯಬಹುದಾದ ಮೇಲೆ ಅದು ಓದುಮಾತ್ರ ಹೇಗಾದೀತು? ಇಂಗ್ಲಿಷಿನಲ್ಲೂ ಈ ಅಸಂಗತಿ ಹಾಗೆಯೇ ಉಳಿದುಬಂದಿದೆ. ಅದನ್ನೂ ನಿಷ್ಠೆಯಿಂದ ಆಮದು ಮಾಡಿಕೊಳ್ಳುವ ಅಗತ್ಯ ನಮಗಿಲ್ಲ.

ಪೆನ್ ಡ್ರೈವ್, ಎಸ್‌ಎಸ್‌ಡಿ ಮತ್ತು ಮೊಬೈಲಿನಲ್ಲಿರುವ ಫ್ಲ್ಯಾಷ್ ಕೂಡ ಈ ವಂಶದ್ದೇ. ಸುತ್ತಲೂ ನಿರೋಧಕ ಪದರವಿರುವ ಒಂದು ದ್ವೀಪದಂಥ ಗೇಟಿನಲ್ಲಿ ಎಲೆಕ್ಟ್ರಾನ್‌ಗಳನ್ನು ಸಿಲುಕಿಸಿಡುವುದರಿಂದ ವಿದ್ಯುತ್ ಇಲ್ಲದೆಯೂ ಅವು ಅಲ್ಲೇ ಇರುತ್ತವೆ. ಇದನ್ನು ತೋಷಿಬಾದಲ್ಲಿದ್ದ ಫುಜಿಯೊ ಮಸುಓಕ ಅವರು 1984ರಲ್ಲಿ ಮಂಡಿಸಿದರು. ಒಂದೇ ಬಾರಿಗೆ ಇಡೀ ಒಂದು ಭಾಗವನ್ನು ಅಳಿಸುವ ಕ್ರಿಯೆ ಕ್ಯಾಮೆರಾದ ಫ್ಲ್ಯಾಷ್ ಬೆಳಕನ್ನು ನೆನಪಿಸುತ್ತದೆಂದು ಅವರ ಸಹೋದ್ಯೋಗಿಯೊಬ್ಬರು ಈ ಹೆಸರನ್ನು ಸೂಚಿಸಿದರು. ಆದ್ದರಿಂದ ‘ಮಿಂಚು ಸ್ಮೃತಿ’ ಎಂದು ಅನುವಾದಿಸಿದರೆ ಓದುಗರು ಅದನ್ನು ಮಿಂಚಿನ ವೇಗವೆಂದು ತಿಳಿಯುವುದು ಖಂಡಿತ. ವಾಸ್ತವದಲ್ಲಿ ಪೆನ್ ಡ್ರೈವ್‌ಗಳಲ್ಲಿರುವ ನ್ಯಾಂಡ್ ಎಂಬ ಬಗೆಯ ಫ್ಲ್ಯಾಷಿನಿಂದ ಒಂದು ಪುಟ (ಒಮ್ಮೆಗೆ ಓದುವ ಭಾಗ) ಓದಲು ಹತ್ತಾರು ಮೈಕ್ರೊಸೆಕೆಂಡುಗಳು ಬೇಕು, ಅಂದರೆ ರ‍್ಯಾಮ್‌ಗಿಂತ ಅದು ಬಹಳ ನಿಧಾನ. ಫ್ಲ್ಯಾಷ್ ಎಂದೇ ಬರೆಯುವುದು ಉತ್ತಮ.

ಈಗ ಮೊದಲ ಒಗಟಿಗೆ ಬರುತ್ತೇನೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರಿಗೆ 1968ರಲ್ಲಿ ಹಕ್ಕುಪತ್ರ ದೊರೆತ ಡೈನಾಮಿಕ್ ರ‍್ಯಾಮ್‌ನಲ್ಲಿ ಒಂದು ಬಿಟ್ ಎಂದರೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್. ಕೆಪಾಸಿಟರಿನಲ್ಲಿ ಆವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆವೇಶ ಸೋರುತ್ತಲೇ ಇರುತ್ತದೆ. ಸಾಲದ್ದಕ್ಕೆ, ಓದಿದಾಗಲೂ ಅದು ಖಾಲಿಯಾಗುತ್ತದೆ. ಹಾಗಾಗಿ ಡಿಡಿಆರ್ 4 ಎಂಬ ಬಗೆಯ ಡೈನಾಮಿಕ್ ರ‍್ಯಾಮ್ ಚಿಪ್ಪುಗಳಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳ ಒಳಗೆ ಪ್ರತಿಯೊಂದು ಸಾಲನ್ನೂ ಒಮ್ಮೆ ಓದಿ, ಇದ್ದದ್ದನ್ನೇ ಗಟ್ಟಿಗೊಳಿಸಿ ಮರಳಿ ಬರೆಯಬೇಕು. ಇದೇ ‘ರಿಫ್ರೆಶ್’. ಸ್ಟ್ಯಾಟಿಕ್ ರ‍್ಯಾಮ್‌ನಲ್ಲಿ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರುಗಳಿದ್ದು, ಅವುಗಳಲ್ಲಿ ನಾಲ್ಕು ಎರಡು ಜೋಡಿಗಳಾಗಿ ಒಂದರ ಸ್ಥಿತಿಯನ್ನು ಇನ್ನೊಂದು ಎತ್ತಿಹಿಡಿಯುತ್ತವೆ. ವಿದ್ಯುತ್ ಇರುವಷ್ಟು ಹೊತ್ತು ಮರಳಿ ಬರೆಯುವ ಅಗತ್ಯವೇ ಇಲ್ಲ. ‘ಸ್ಟ್ಯಾಟಿಕ್’ ಎಂದರೆ ಇಷ್ಟೇ. ಹೆಚ್ಚು ಜಾಗ, ಹೆಚ್ಚು ಬೆಲೆ, ಹೆಚ್ಚು ವೇಗ. ಸಂಸ್ಕಾರಕದ ಒಳಗಿರುವ, ಆಗಾಗ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಕ್ಯಾಶ್ ಇದರಿಂದಲೇ ಆದದ್ದು. (ಈ ‘ಕ್ಯಾಶ್’ ಅಡಗಿಸು ಎಂಬರ್ಥದ ಫ್ರೆಂಚ್ ಧಾತುವಿನದು, ಬಟವಾಡೆಯ ದಿನ ಎಣಿಸುವ ಕ್ಯಾಶ್ ಅಲ್ಲ ಎಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸಲೇಬೇಕಾಯಿತು.)

ಅಂದರೆ ಸ್ಟ್ಯಾಟಿಕ್–ಡೈನಾಮಿಕ್ ಎಂಬ ಭೇದಕ್ಕೂ ಚಲನೆಗೂ ಸಂಬಂಧವಿಲ್ಲ. ಇರುವುದು ‘ರಿಫ್ರೆಶ್’ ಬೇಕೇ ಬೇಡವೇ ಎಂಬ ಪ್ರಶ್ನೆ. ಈ ರಿಫ್ರೆಶ್‌ಗೆ ಒಳ್ಳೆಯ ಕನ್ನಡ ಸಿಕ್ಕರೆ ಆ ಎರಡು ಹೆಸರುಗಳೂ ತಾವಾಗಿಯೇ ಸಿಗುತ್ತವೆ. ‘ನವೀಕರಣ’ವನ್ನು ಪರವಾನಗಿಗಳು ಆಕ್ರಮಿಸಿವೆ, ‘ತಾಜಾಗೊಳಿಸು’ ತರಕಾರಿಯ ಮಾತು. ಅಂತರ್ಜಲದ ವಿಷಯದಲ್ಲಿ ನಾವೆಲ್ಲ ಬಳಸುವ ‘ಮರುಪೂರಣ’ ನನಗೆ ಹಿಡಿಸಿದೆ: ಸೋರಿಹೋದದ್ದನ್ನು ಮತ್ತೆ ತುಂಬುವುದು. ‘ಮರುಪೂರಣದ ರ‍್ಯಾಮ್’, ‘ಮರುಪೂರಣ ಬೇಡದ ರ‍್ಯಾಮ್’ ಎಂದರೆ ‘ಸ್ಥಿರ ರ‍್ಯಾಮ್ ಅಸ್ಥಿರ ಸ್ಮೃತಿ’ ಎಂಬುದು ‘ಮರುಪೂರಣ ಬೇಡದ ರ‍್ಯಾಮ್ ಕೂಡ ಅಳಿನೆನಪೇ’ ಎಂದಾಗಿ, ಒಗಟು ಮಾಯವಾಗುತ್ತದೆ. ತೊಡಕಿರುವುದು ಸೊನ್ನೆಯಲ್ಲಿ. ಸೊನ್ನೆ ಇದ್ದ ಕೋಶವನ್ನು ತುಂಬುವುದಿಲ್ಲ, ಖಾಲಿಯಾಗಿಯೇ ಮರಳಿ ಬರೆಯಲಾಗುತ್ತದೆ. ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಇದು ಪೂರಣವಲ್ಲ, ‘ಮರುಬರಹ’. ಆದರೆ ಮರುಬರಹ ಎಂದಾಗ ಇದ್ದದ್ದನ್ನು ಬದಲಿಸಿ ಬರೆಯುವುದು ಎಂಬ ಅರ್ಥ ಇಣುಕುತ್ತದೆ, ಇಲ್ಲಿ ಬದಲಾಗಬಾರದು ಎಂಬುದೇ ಉದ್ದೇಶ.

‘ಮೆಮೊರಿ’ ಎಂಬ ಮೂಲಪದದ ಬಗ್ಗೆ ನನ್ನ ತಕರಾರಿಲ್ಲ. 19ನೆಯ ಶತಮಾನದಲ್ಲಿ ಗಣಕಯಂತ್ರವನ್ನು ಕಲ್ಪಿಸಿದ ಚಾರ್ಲ್ಸ್ ಬ್ಯಾಬೇಜ್ ತನ್ನ ಯಂತ್ರದ ಈ ಭಾಗವನ್ನು ‘ಸ್ಟೋರ್’ ಎಂದು ಕರೆದಿದ್ದ. ಕಂಪ್ಯೂಟರ್ ರಚನೆಯ ಕುರಿತ 1945ರ ಗಣಿತಜ್ಞ ವಾನ್ ನಾಯ್ಮನ್ ಅವರ ವರದಿಯಲ್ಲಿ ‘ಮೆಮೊರಿ’ ಎಂದಿದೆ. ನಮ್ಮಲ್ಲಿ ‘ಫೋನಿನ ಮೆಮೊರಿ ಫುಲ್ ಆಗಿದೆ’ ಎನ್ನುವವರು ಹೇಳುವುದು ಫೋಟೊಗಳಿರುವ ಫ್ಲ್ಯಾಷ್ ಸಂಗ್ರಹವನ್ನು, ರ‍್ಯಾಮ್ ಅನ್ನಲ್ಲ. ಉಳಿನೆನಪು ಎಂಬ ಪದ ಇದ್ದರೆ ಆ ಬಳಕೆಯನ್ನೂ ತಪ್ಪೆನ್ನಬೇಕಾಗುವುದಿಲ್ಲ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು: ‘ಸಮನಿಲುಕು’ ಎಂಬ ಸಮಾಸ ಕಿವಿಗೆ ಒಪ್ಪುತ್ತದೆಯೇ, ಅಥವಾ ಸಂಸ್ಕೃತದ ‘ಸಮ’ಕ್ಕೆ ಕನ್ನಡದ ‘ನಿಲುಕು’ ಸೇರಿ ಅರಿಸಮಾಸವಾಯಿತೆಂದು ಅದನ್ನು ಬಿಡಬೇಕೇ? ‘ಅಳಿನೆನಪು’, ‘ಉಳಿನೆನಪು’ಗಳನ್ನು ಇದೇ ಅರ್ಥದಲ್ಲಿ ಯಾರಾದರೂ ಈಗಾಗಲೇ ಬಳಸಿದ್ದರೆ ದಯವಿಟ್ಟು ತಿಳಿಸಿ. ‘ಮರುಪೂರಣ’ ಮತ್ತು ‘ಮರುಬರಹ’ಗಳಲ್ಲಿ ಒಂದನ್ನು ಆರಿಸಬೇಕಾದರೆ, ಸೊನ್ನೆಯ ತೊಡಕನ್ನು ಮನ್ನಿಸಿ ಮೊದಲನೆಯದನ್ನೇ ಹಿಡಿಯಬಹುದೇ?